ಎಡಕ್ಕೆ ತಿರುಗಿದ ಗಂಟು

ಮಾಲ್ಜಾ ಇದುವರೆಗೆ ಮುನ್ನೂರು ಸಲವಾದರೂ ಸತ್ತಿದ್ದಾಳೆ. ಕುತ್ತಿಗೆಯಿಂದ ಕೆಳಗೆ ಮಾತ್ರ.

ಟೊಂಗ್‌ಯೊಂಗ್ ಬಂದರಿನ ಈ ಭಾಗದಲ್ಲಿ ಯಾವ ಮುದುಕಿ ಸತ್ತರೂ, ಬಿಳಿ ಸೇವಂತಿಗೆಯ ನಡುವೆ ಇಡುವ ಪಟ ಮಾಲ್ಜಾಳ ಗಂಡ ಮಾನ್ಸುವಿನ ಸ್ಟುಡಿಯೊದಿಂದಲೇ ಬರಬೇಕು. ಆ ಪಟದಲ್ಲಿ ಮುಖ ಸತ್ತವಳದು. ಮುಖದ ಕೆಳಗಿನ ಸಾಂಪ್ರದಾಯಿಕ ಉಡುಪಾದ ತಿಳಿನೀಲಿ ಹಾನ್‌ಬೊಕ್, ಅದರೊಳಗಿನ ನೆಟ್ಟನೆಯ ಭುಜ, ಎದೆಯ ಮೇಲೆ ಕಟ್ಟಿದ ಉದ್ದನೆಯ ಲಾಡಿ, ಇಷ್ಟೂ ಮಾಲ್ಜಾಳದು. ಬಂದವರು ಪಾದರಕ್ಷೆ ಕಳಚಿ ಎರಡು ಸಲ ಅಡ್ಡಬಿದ್ದು, ಪಕ್ಕದ ಕೋಣೆಗೆ ಹೋಗಿ ಖಾರದ ಮಾಂಸದ ಸಾರು ಉಂಡು, ಸತ್ತವಳನ್ನು ಹೊಗಳಿ ಮನೆಗೆ ಹೋಗುತ್ತಾರೆ. ತಾವು ಅಡ್ಡಬಿದ್ದದ್ದರಲ್ಲಿ ಮುಕ್ಕಾಲು ಪಾಲು ಸ್ಟುಡಿಯೊದ ಹೆಂಗಸಿಗೆ ಸಂದಿದೆ ಎಂದು ಅವರಿಗೇನು ಗೊತ್ತು. ಆ ಹೆಂಗಸು ಎಷ್ಟೋ ಸಲ ಅದೇ ಕೋಣೆಯಲ್ಲಿ ಏಪ್ರನ್ ಕಟ್ಟಿಕೊಂಡು ಸಾರು ಬಡಿಸುತ್ತಿರುತ್ತಾಳೆ.

ಹೀಗೇಕೆ ಎಂದರೆ, ಮೀನುಪೇಟೆಯ ಹೆಂಗಸರಿಗೆ ಹಾನ್‌ಬೊಕ್ ಉಟ್ಟು ಬಂದು ಕೂರುವಷ್ಟು ಪುರುಸೊತ್ತಿಲ್ಲ. ರಬ್ಬರ್ ಬೂಟು, ಹೂವಿನ ಚಿತ್ತಾರದ ಪೈಜಾಮದಲ್ಲೇ ಬಂದು, "ಬೇಗ ತೆಗಿಯಪ್ಪ, ಬಂಗಡೆ ಕೆಟ್ಟುಹೋಗುತ್ತೆ" ಅನ್ನುತ್ತಾರೆ. ಇನ್ನು ಕೆಲವರು ಪಟ ತೆಗೆಸದೆಯೇ ಸತ್ತಿರುತ್ತಾರೆ, ಮಕ್ಕಳು ಅಮ್ಮನ ಗುರುತಿನ ಚೀಟಿ ಹಿಡಿದು ಓಡೋಡಿ ಬರುತ್ತಾರೆ. ಮುಖ ಯಾರದೇ ಆಗಲಿ, ಕೂರಿಸಲು ಮೈ ಸಿದ್ಧ. ಮೊದಲು ಕತ್ತರಿ, ಅಂಟು, ಸಣ್ಣ ಕುಂಚದಲ್ಲಿ ಆಗುತ್ತಿದ್ದ ಕೆಲಸ ಈಗ ಕಂಪ್ಯೂಟರಿನಲ್ಲಿ ಆಗುತ್ತದೆ, ಅಷ್ಟೇ ವ್ಯತ್ಯಾಸ.

ಗಂಡಸರಿಗೂ ಒಂದು ಮೈ ಇದೆ. ಅದರ ಕಥೆಯನ್ನು ಮಾನ್ಸು ಬಂದ ಗಿರಾಕಿಗೆಲ್ಲ ಹೇಳುತ್ತಾನೆ. "ಇದು ಬ್ಯಾಂಕಿನ ಮ್ಯಾನೇಜರ್ ಕು ಸಾಹೇಬರ ಕೋಟು ಕಣ್ರೀ. ಎಪ್ಪತ್ತೊಂಬತ್ತನೇ ಇಸ್ವಿ. ಟೈ ಅವರ ಭಾವಮೈದ ಜಪಾನಿನಿಂದ ತಂದದ್ದು. ಎಂಥ ಎದೆ ಅಂತೀರಿ ಅವರದು!" ಹೆಂಗಸರ ಮೈ ಯಾರದೆಂದು ಮಾತ್ರ ಅವನು ಒಂದು ದಿನವೂ ಬಾಯಿ ಬಿಟ್ಟವನಲ್ಲ. ಈ ಮೌನವನ್ನೇ ಮಾಲ್ಜಾ ಮೂವತ್ತೈದು ವರ್ಷ ಮುಚ್ಚಟೆಯಿಂದ ಸಾಕಿಕೊಂಡು ಬಂದಿದ್ದಾಳೆ. ಹೆಂಡತಿಯ ಮೈ ಎಂದು ಊರಿಗೆ ಹೇಳಲು ಅವನಿಗೆ ಸಂಕೋಚ, ಹೇಳದಿದ್ದರೇನು, ಮನಸ್ಸಿನಲ್ಲಿದೆ ಎಂದು ಅವಳ ಲೆಕ್ಕ. ಈ ಊರಿನ ಗಂಡಸರು ಹೆಂಡತಿಯ ಬಗ್ಗೆ ಒಂದು ಒಳ್ಳೆ ಮಾತಾಡಿದರೆ ನಾಲಿಗೆ ಬಿದ್ದುಹೋದೀತೆಂದು ಹೆದರುವ ಜಾತಿ.

ಆ ಪಟ ತೆಗೆದ ದಿನ ಅವಳಿಗೆ ಮೂವತ್ತಾರು ವರ್ಷ. ಮದುವೆಯ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಯಿಂದ ಮಾನ್ಸು ತಿಳಿನೀಲಿ ಹಾನ್‌ಬೊಕ್ ತಂದು, "ಉಟ್ಕೊಂಡು ಬಾ, ಒಂದು ಫೋಟೊ ತೆಗೀಬೇಕು" ಎಂದಿದ್ದ. ಮಾಲ್ಜಾಳ ಕೈಕಾಲು ಆಡಲಿಲ್ಲ. ಹೆತ್ತವರು ಇನ್ನು ಹೆಣ್ಣು ಸಾಕು ಎಂದು ಬೇಸತ್ತು, 'ಕಡೆಯವಳು' ಎಂಬರ್ಥದ ಈ ಹೆಸರಿಟ್ಟ ಮಗಳು ಅವಳು. ಮದುವೆಯ ಫೋಟೊದಲ್ಲೂ ಕಣ್ಣು ಮುಚ್ಚಿಕೊಂಡಿದ್ದಳು. ತುಟಿಗೆ ಬಣ್ಣ ಹಚ್ಚಿಕೊಂಡಳು, ಕೂದಲಿಗೆ ಎಣ್ಣೆ ಸವರಿ ಬೈತಲೆ ತೆಗೆದಳು. ಹೊಟ್ಟೆ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ದೀಪದ ಮುಂದೆ ಕೂತು ನಕ್ಕಳು.

"ಭುಜ ಇಳಿಸು. ಹಾಂ. ಗಲ್ಲ ಮೇಲೆ. ಇನ್ನೂ ಮೇಲೆ."

"ಹೀಗೆ ನಕ್ಕರೆ ಸರೀನಾ ರೀ?"

"ನಗು, ಅಳು, ಏನಾದ್ರೂ ಮಾಡ್ಕೊ. ಮುಖ ಬರಲ್ಲ ಇದ್ರಲ್ಲಿ."

ಆದರೂ ಅವಳು ನಗು ಬಿಡಲಿಲ್ಲ. ತಮಾಷೆಗೆ ಹೇಳುತ್ತಿದ್ದಾನೆ ಎಂದುಕೊಂಡಳು. ಮೂರು ದಿನ ಬಿಟ್ಟು ಫೋಟೊ ಬಂದಾಗ ನೋಡಿದರೆ ಅದು ಗಲ್ಲದ ಕೆಳಗೇ ನಿಂತುಹೋಗಿತ್ತು. ಅವಳು ಅಡುಗೆಮನೆಗೆ ಹೋಗಿ ಮೂಲಂಗಿ ಹೆಚ್ಚಿದಳು, ಅಂದು ಬೇಕಾದದ್ದಕ್ಕಿಂತ ಹೆಚ್ಚೇ ಹೆಚ್ಚಿದಳು. ಅತ್ತುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಅಳಲಿಲ್ಲ, ನುಂಗಿಕೊಂಡಳು. ನುಂಗಿದ್ದನ್ನು ಹಾಗೇ ಹೊಟ್ಟೆಯಲ್ಲಿಟ್ಟುಕೊಂಡು ಎಷ್ಟು ದಿನ ಅಂತ ಬಾಳುವುದು? ವರ್ಷ ಕಳೆದಂತೆ ಅದಕ್ಕೆ ಒಂದಿಷ್ಟು ಸಕ್ಕರೆ ಬೆರೆಸಿಕೊಂಡಳು. ಊರಿನಲ್ಲಿ ಇಷ್ಟೊಂದು ಹೆಂಗಸರಿದ್ದರೂ ನಮ್ಮನೆಯವರಿಗೆ ನನ್ನ ಮೈಯೇ ಬೇಕಾಯಿತಲ್ಲ. ದಿನಾ ಕೆಲಸಕ್ಕೆ ಕೂತಾಗ ಅವರ ಕೈಯ ಕೆಳಗೆ ಇರುವುದು ನಾನೇ ಅಲ್ಲವೇ. ಹೀಗೆ.

ಮಾನ್ಸು ಕೆಲಸಗಾರನಲ್ಲ ಎಂದು ಯಾರೂ ಅನ್ನುವ ಹಾಗಿಲ್ಲ. ಬದುಕಿರುವಾಗಲೇ ಪಟ ತೆಗೆಸಿಟ್ಟರೆ ಆಯಸ್ಸು ಗಟ್ಟಿ ಎಂಬ ನಂಬಿಕೆಯಲ್ಲಿ ಅಧಿಕ ಮಾಸ ಬಂತೆಂದರೆ ಮುದುಕ ಮುದುಕಿಯರು ಸಾಲುಗಟ್ಟಿ ಬರುತ್ತಾರೆ. ಎಷ್ಟೇ ಜನ ಕಾದಿರಲಿ, ಒಬ್ಬೊಬ್ಬರಿಗೂ ಅವನದು ಒಂದು ಗಂಟೆ. ಬಾರ್ಲಿ ಚಹಾ ಕೊಟ್ಟು, ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಮಾತಿಗೆಳೆಯುತ್ತಾನೆ. ಮೊದಲ ದೋಣಿ ಯಾವಾಗ ಕೊಂಡಿರಿ, ಅತ್ತೆ ಹೇಗಿದ್ದರು, ಸತ್ತ ಮಗುವಿನ ಹೆಸರೇನಿತ್ತು. ಮುದುಕಿ ನಗುತ್ತಾಳೆ, ಬೈಯುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ. ಅದೆಲ್ಲ ಮುಗಿದು ಮುಖ ತಿಳಿಯಾಗುವ ಒಂದು ಗಳಿಗೆ ಬರುತ್ತದೆ. ಆಗ ಕ್ಲಿಕ್. ಒಂದೇ. "ಮನುಷ್ಯನ್ನ ನೋಡ್ಬೇಕು, ಫೋಟೊ ತಾನಾಗೇ ಬರುತ್ತೆ" ಎಂದು ಅವನು ಹೇಳಿದ್ದನ್ನು ಪತ್ರಿಕೆಯವರು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಆ ಕಾಗದ ಕಟ್ಟುಹಾಕಿಸಿಕೊಂಡು ಸ್ಟುಡಿಯೊದ ಗೋಡೆಯ ಮೇಲಿದೆ.

ಚಹಾ ಕಾಯಿಸುತ್ತಾ ಮಾಲ್ಜಾ ಪರದೆಯ ಸಂದಿನಿಂದ ಈ ಗಂಟೆಗಳನ್ನೆಲ್ಲ ನೋಡಿದ್ದಾಳೆ. ಯಾರದೋ ಬಾಯಿಹರಕ ಮುದುಕಿಯ ಕಣ್ಣಿನಲ್ಲಿ ಅವನು ಹಾಗೆ ಕಣ್ಣಿಟ್ಟು ಕೂತಾಗ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ. ನಲವತ್ತೆಂಟು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಒಂದು ಗಂಟೆ ಹೋಗಲಿ, ಒಂದು ಚಹಾ ಕುಡಿಯುವಷ್ಟು ಹೊತ್ತು ನೋಡಿದ್ದಿಲ್ಲ.

ಗುಟ್ಟು ಕಂಡುಹಿಡಿದವಳು ನಾಮ್ಹೆ ಅಕ್ಕ. ಅವಳ ನಿಜವಾದ ಹೆಸರು ಎಲ್ಲರಿಗೂ ಮರೆತಿದೆ, ನಾಮ್ಹೆ ದ್ವೀಪದಿಂದ ಸೊಸೆಯಾಗಿ ಬಂದವಳಾದ್ದರಿಂದ ಆ ಹೆಸರು. ಸಿಂಪಿ ಬಿಡಿಸುವ ಶೆಡ್ಡಿನಲ್ಲಿ ಹತ್ತೊಂಬತ್ತು ಚಳಿಗಾಲ ಇಬ್ಬರೂ ಅಕ್ಕಪಕ್ಕ ನಿಂತು ಚಿಪ್ಪು ಸೀಳಿದವರು. ಹೋದ ವರ್ಷ ಒಂದು ಸಾವಿನ ಮನೆಯಲ್ಲಿ ಸಾರು ಬಡಿಸುವಾಗ ಅವಳು ಸೌಟು ಹಿಡಿದೇ ಪಟದ ಕಡೆ ನೋಡುತ್ತಾ ನಿಂತಳು.

"ಅಲ್ವೇ ಮಾಲ್ಜಾ, ನಮ್ಮೂರಲ್ಲಿ ಸತ್ತ ಹೆಂಗಸರಿಗೆಲ್ಲ ಲಾಡಿ ಗಂಟು ಎಡಕ್ಕೆ ತಿರುಗಿದೆಯಲ್ಲೇ! ಬಲಕ್ಕೆ ಇರ್ಬೇಕಲ್ವಾ?"

"ನಿಂಗೆ ಯಾಕೆ ಬೇಕು ಅದೆಲ್ಲ, ಸಾರು ಹಾಕು."

"ಎಡಗೈಯವಳು ಕಟ್ಟಿದ ಗಂಟು ಕಣೇ ಅದು. ಹತ್ತೊಂಬತ್ತು ವರ್ಷ ನಿನ್ನ ಚಾಕು ನನ್ನ ಮೊಣಕೈಗೆ ತಾಗಿದೆ, ನಂಗೆ ಗೊತ್ತಿಲ್ವಾ? ಅಯ್ಯೋ ನಿನ್ನ! ಅದು ನಿಂದೇ ಮೈ!"

ಮಾಲ್ಜಾ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ಎಡಚಿ ಎಂಬುದು ಅವಳಿಗೆ ಮದುವೆಯಾಗಿ ಬಂದ ಮೊದಲ ದಿನ ಅತ್ತೆ ಕೊಟ್ಟ ಬಿರುದು. ಊಟದ ಕಡ್ಡಿಯನ್ನು ಬಲಗೈಗೆ ಬದಲಾಯಿಸುವವರೆಗೆ ಅತ್ತೆ ಬೆರಳಗಂಟಿನ ಮೇಲೆ ಬಾರಿಸಿದ್ದರು, ಮಾನ್ಸು ಎದುರಿಗೇ ಕೂತು ಉಣ್ಣುತ್ತಿದ್ದ. ಉಣ್ಣುವುದು, ಬರೆಯುವುದು ಬಲಕ್ಕೆ ಬಂದವು. ಚಾಕು, ಕತ್ತರಿ, ಲಾಡಿ ಎಡಗೈಯಲ್ಲೇ ಉಳಿದವು.

"ನಿನ್ನ ಗಂಡಂಗೆ ನೆನಪಿದೆಯೇನೇ?" ನಾಮ್ಹೆ ಅಕ್ಕ ಪಿಸುಗುಟ್ಟಿದಳು.

"ಇಲ್ದೆ ಏನು? ತೆಗೆದೋರೇ ಅವ್ರು. ಹೇಳ್ಕೊಳ್ಳಲ್ಲ ಅಷ್ಟೆ."

"ಹೇಳ್ಕೊಳ್ಳದೇ ಇರೋದು ಬೇರೆ, ಮರೆತಿರೋದು ಬೇರೆ ತಾಯಿ. ಒಂದ್ಸಲ ಕೇಳಿ ನೋಡು."

"ನಿಂಗೆ ಬರೀ ಹುಳುಕು ಹುಡುಕೋದೇ ಕೆಲ್ಸ" ಎಂದು ಮಾಲ್ಜಾ ತಟ್ಟೆ ಎತ್ತಿಕೊಂಡು ಹೋದಳು. ಕೇಳುವ ಧೈರ್ಯ ಮಾಡಲಿಲ್ಲ. ಕೇಳದಿದ್ದರೆ ತಾನೇ ನಂಬಿಕೊಂಡಿರಲು ಸಾಧ್ಯ.

ಈ ಮಾಗಿಯಲ್ಲಿ ಬೂಸಾನಿನ ದೊಡ್ಡ ಆಸ್ಪತ್ರೆಯವರು ಅವಳ ಹೊಟ್ಟೆಯೊಳಗಿನದನ್ನು ಪರದೆಯ ಮೇಲೆ ತೋರಿಸಿ, ಬೇಸಿಗೆ ನೋಡುವುದು ಕಷ್ಟ ಎಂದರು. ಮಗಳು ಹೆಜಿನ್ ಕಾರಿನಲ್ಲಿ ದಾರಿಯುದ್ದಕ್ಕೂ ಅತ್ತಳು. ಮಾನ್ಸು ಅಳಲಿಲ್ಲ, ಎರಡು ದಿನ ಸ್ಟುಡಿಯೊ ಬಾಗಿಲು ತೆಗೆಯಲಿಲ್ಲ. ಮೂರನೆಯ ದಿನ ಅವನು ಬೆಳಗಿನ ಗಂಜಿ ಕುಡಿಯುವಾಗ ಮಾಲ್ಜಾ ಕೇಳಿದಳು.

"ಹೆಜಿನ್ ಅಪ್ಪ, ನಂದೊಂದು ಪಟ ತೆಗೀರಿ."

ಅವನು ಚಮಚ ಕೆಳಗಿಟ್ಟ. "ಥೂ, ಬೆಳಗ್ಗೆ ಬೆಳಗ್ಗೆ ಎಂಥ ಮಾತು."

"ಮುಖ ಇಳಿದುಹೋಗೋ ಮುಂಚೆ ತೆಗೀರಿ. ಎಲ್ಲರಿಗೂ ತೆಗೆದ ಹಾಗೇ ತೆಗೀಬೇಕು. ಚಹಾ ಕೊಟ್ಟು, ಮಾತಾಡಿಸಿ."

"ಸರಿ ಬಿಡು. ನಾಳೆ ಮಧ್ಯಾಹ್ನ ಬಾ. ಬೆಳಗ್ಗೆ ಗಿರಾಕಿಗಳಿದಾರೆ."

ನಾಮ್ಹೆ ಅಕ್ಕ ಬಂದು ಕೂದಲಿಗೆ ಬಣ್ಣ ಹಚ್ಚಿಕೊಟ್ಟಳು. ತಾನೇ ಹೆಣೆದ ಕಂದು ಸ್ವೆಟರನ್ನು ಮಾಲ್ಜಾ ಎತ್ತಿಟ್ಟುಕೊಂಡಳು. ಅದರ ಎಡ ಭುಜ ಸ್ವಲ್ಪ ಜೋತಿರುವ ಹಾಗೆ ಹೆಣೆದಿದ್ದಳು, ಏಕೆಂದರೆ ಅವಳ ಭುಜವೇ ಹಾಗೆ. ಸಿಂಪಿ ಬಿಡಿಸಿ ಬಿಡಿಸಿ ಆ ಭುಜ ಎರಡು ಬೆರಳಿನಷ್ಟು ಕೆಳಗಿಳಿದಿತ್ತು. ಹೇಳಬೇಕಾದ ಮಾತುಗಳನ್ನೂ ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಳು. ಮೊದಲು ಹೆಜಿನ್‌ಗಿಂತ ಮುಂಚೆ ಹುಟ್ಟಿ ತೀರಿಹೋದ ಮಗುವಿನ ವಿಚಾರ ಹೇಳಬೇಕು. ಆಮೇಲೆ ಮೊದಲ ಸಂಬಳದಲ್ಲಿ ಅವನಿಗೆ ತಂದ ಕೈಗವಸು. ಕಡೆಗೆ, ಧೈರ್ಯ ಬಂದರೆ, ತಿಳಿನೀಲಿ ಬಟ್ಟೆಯ ಆ ದಿನ. ಅವನು ಕೇಳುತ್ತಾನೆ, ಅವಳು ಹೇಳುತ್ತಾಳೆ, ನಡುವೆ ಎಲ್ಲೋ ಅವನ ಕಣ್ಣು ಅವಳ ಮೇಲೆ ನಿಲ್ಲುತ್ತದೆ. ಎಪ್ಪತ್ತೊಂದು ವರ್ಷದ ಹೆಂಗಸು ಮದುವಣಗಿತ್ತಿಯ ಹಾಗೆ ನಿದ್ದೆಗೆಟ್ಟಳು.

ಮರುದಿನ ಸ್ಟುಡಿಯೊಗೆ ಹೋಗಿ ಸ್ಟೂಲಿನ ಮೇಲೆ ಕೂತಾಗ ಚಹಾ ಬರಲಿಲ್ಲ. ಚಹಾ ಕಾಯಿಸುವವಳು ಅವಳೇ ಅಲ್ಲವೇ. ಎದ್ದುಹೋಗಿ ಎರಡು ಲೋಟ ತಂದಳು.

ಮಾನ್ಸು ದೀಪ ಸರಿಸುತ್ತಿದ್ದ. ಸರಿಸಿದ್ದನ್ನೇ ಮತ್ತೆ ಮತ್ತೆ ಸರಿಸಿದ, ಅದನ್ನು ಅವಳು ಕಂಡಳು. ಸಂಕಟ ಅವನಿಗೂ ಇತ್ತು, ಇಲ್ಲವೆನ್ನಬಾರದು.

"ಇಲ್ಲಿ ಕೂತ್ಕೊಳ್ರಿ, ಹತ್ರ" ಎಂದಳು.

"ಯಾಕೆ?"

"ಎಲ್ಲರ ಹತ್ರ ಕೂರಲ್ವಾ. ಮಾತಾಡಿಸಿ ನನ್ನ."

"ಅಪರಿಚಿತರಿಗೆ ಬೇಕು ಅದೆಲ್ಲ. ನಿನ್ನ ಮುಖ ನಂಗೆ ಗೊತ್ತಿಲ್ವಾ? ಕಣ್ಣು ಮುಚ್ಚಿಕೊಂಡು ಬರೀಬಲ್ಲೆ." ಅವನು ಕ್ಯಾಮೆರಾದ ಹಿಂದೆ ಹೋದ. "ಎಡ ಭುಜ ಇಳಿದಿದೆ, ಎತ್ತು."

"ಎತ್ತಕ್ಕಾಗಲ್ಲ ರೀ. ಸಿಂಪಿ ಶೆಡ್ಡಿನ ಭುಜ ಇದು. ಹೀಗೇ ಇರ್ಲಿ. ಸ್ವೆಟರೂ ಇದೇ ಇರ್ಲಿ."

"ಹೂಂ ಹೂಂ. ಇಲ್ಲಿ ನೋಡು."

"ರೀ, ಮೊದಲನೇ ಮಗು ಹೋದ ದಿನ ನೀವು ಎಲ್ಲಿದ್ರಿ ನೆನಪಿದೆಯಾ?"

"ಈಗ ಯಾಕೆ ಅದೆಲ್ಲ? ಅಳಬೇಡ, ಕಣ್ಣು ಊದಿಕೊಳ್ಳುತ್ತೆ. ನೋಡಿಲ್ಲಿ."

ಕ್ಲಿಕ್. ಕ್ಲಿಕ್. ಕ್ಲಿಕ್. ಮೂರು. ಅವನು ಗಡಿಯಾರ ನೋಡಲಿಲ್ಲ, ಅವಳು ನೋಡಿದಳು. ಎಂಟು ನಿಮಿಷವಾಗಿತ್ತು. ಚಹಾ ಇನ್ನೂ ಬಿಸಿ ಇತ್ತು, ಅವನದನ್ನೂ ಅವಳೇ ಕುಡಿದಳು.

ಆದರೂ ಅವಳು ಆಸೆ ಬಿಡಲಿಲ್ಲ. ಗೊತ್ತಿರುವವರನ್ನು ನೋಡುತ್ತಾ ಕೂರಬೇಕಾಗಿಲ್ಲ ಎಂದರಲ್ಲ, ಅದೂ ಸರಿಯೇ ಇರಬಹುದು. ಕಣ್ಣು ಮುಚ್ಚಿ ಬರೆಯಬಲ್ಲೆ ಎನ್ನುವ ಮಾತನ್ನು ಈ ಊರಿನ ಯಾವ ಗಂಡಸು ಹೆಂಡತಿಗೆ ಹೇಳಿದ್ದಾನೆ? ನಾಮ್ಹೆ ಅಕ್ಕನಿಗೆ ಫೋನು ಮಾಡಿ ಆ ಒಂದು ಮಾತನ್ನು ಎರಡು ಸಲ ಹೇಳಿದಳು.

"ಹಾಗಂದ್ನಾ ಮಹಾರಾಯ?" ಎಂದಳು ನಾಮ್ಹೆ ಅಕ್ಕ. "ಹಂಗಾದ್ರೆ ಬರೀಲಿ, ನೋಡೋಣ."

ನಾಲ್ಕು ದಿನ ಮಾನ್ಸು ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಬೇರೆ ಯಾರ ಪಟಕ್ಕೂ ಅಷ್ಟು ಹೊತ್ತು ತೆಗೆದುಕೊಂಡವನಲ್ಲ. ಊಟಕ್ಕೆ ಕರೆದರೆ "ತಡಿ, ನಿನ್ನದೇ ಕೆಲಸ" ಎನ್ನುತ್ತಿದ್ದ. ಆ ಮಾತು ಕೇಳಲೆಂದೇ ಮಾಲ್ಜಾ ಮತ್ತೆ ಮತ್ತೆ ಕರೆದಳು.

ಐದನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಅವಳು ನೆಲದ ಮೇಲೆ ಕೂತು ಮರಸೇಬಿನ ಸಿಪ್ಪೆ ಸುಲಿಯುತ್ತಿದ್ದಳು. ಮಾನ್ಸು ಕಟ್ಟುಹಾಕಿದ ಪಟವನ್ನು ಬಟ್ಟೆ ಮುಚ್ಚಿ ತಂದು, ಗೋಡೆಗೆ ಒರಗಿಸಿ, ಅವಳ ಎದುರಿಗೆ ಕಾಲು ಮಡಚಿ ಕೂತ. ಕಣ್ಣು ಕೆಂಪಾಗಿದ್ದವು.

"ನೋಡು" ಎಂದು ಬಟ್ಟೆ ಎಳೆದ.

ಮುಖ ಅವಳದು. ಚೆನ್ನಾಗಿತ್ತು, ಸುಕ್ಕುಗಳನ್ನೂ ಹೆಚ್ಚು ಅಳಿಸಿರಲಿಲ್ಲ. ಅದರ ಕೆಳಗೆ ತಿಳಿನೀಲಿ ಹಾನ್‌ಬೊಕ್. ಮೂವತ್ತಾರರ ನೆಟ್ಟನೆಯ ಭುಜ. ಕಂದು ಸ್ವೆಟರು ಇರಲಿಲ್ಲ, ಇಳಿದ ಭುಜವೂ ಇರಲಿಲ್ಲ. ಹೇಳಿದ್ದು ಒಂದನ್ನೂ ಇವರು ಕೇಳಿಸಿಕೊಂಡಿಲ್ಲ ಎಂದುಕೊಂಡಳು ಮಾಲ್ಜಾ. ಮರುಕ್ಷಣ ಅವಳಿಗೆ ಬೇರೊಂದು ತೋಚಿತು. ಬೇಕೆಂದೇ ಮಾಡಿದ್ದಾರೆ. ಅಂದು ಕತ್ತರಿಸಿ ಬಿಟ್ಟ ಮುಖವನ್ನು ಇಂದು ತಂದು ಜೋಡಿಸಿದ್ದಾರೆ. ನೆನಪಿದೆ. ಇಷ್ಟೂ ವರ್ಷ ನೆನಪಿತ್ತು. ಈಗ ಹೇಳುತ್ತಾರೆ.

"ಹೇಗಿದೆ?"

"ನೀವೇ ಹೇಳ್ರಿ" ಎಂದಳು.

"ಹೇಳ್ತೀನಿ ಕೇಳು. ಎಷ್ಟು ಜನರ ತಲೆ ಕೂರಿಸಿದೀನಿ ಈ ಮೈ ಮೇಲೆ. ಒಬ್ಬೊಬ್ಬರಿಗೆ ಕುತ್ತಿಗೆ ಉದ್ದ ಮಾಡ್ಬೇಕು, ಒಬ್ಬೊಬ್ಬರಿಗೆ ಮೈಬಣ್ಣ ತಿದ್ಬೇಕು. ನಿಂಗೆ ಒಂದು ಕೂದಲೆಳೆಯಷ್ಟೂ ತಿದ್ದೋದು ಬೇಕಾಗಿಲ್ಲ ಕಣೇ. ಅಳತೆ ತೆಗೆದು ಮಾಡಿದ ಹಾಗೆ ಕೂತುಬಿಡ್ತು! ನಂಗೇ ಆಶ್ಚರ್ಯ ಆಯ್ತು."

ಮಾಲ್ಜಾ ಹಣ್ಣು ಸುಲಿಯುವುದನ್ನು ನಿಲ್ಲಿಸಿದ್ದಳು. ಚಾಕು ಮತ್ತೆ ಆಡತೊಡಗಿತು. ಏನಾದರೂ ಮಾಡುತ್ತಿರಬೇಕಿತ್ತು ಅವಳ ಕೈ.

"ಯಾರದು ರೀ, ಈ ಮೈ?" ಕೊನೆಗೂ ಕೇಳಿದಳು.

"ಯಾವಳದೋ. ಆಗ ಬಟ್ಟೆ ಅಂಗಡಿಯೋರು ಯಾರನ್ನೋ ಕಳಿಸಿದ್ರು ಅನ್ಸುತ್ತೆ. ಎಷ್ಟು ಹಳೇದು, ಯಾರಿಗೆ ನೆನಪಿರುತ್ತೆ?"

ಮ್ಯಾನೇಜರ್ ಕು ಸಾಹೇಬರ ಭಾವಮೈದ ತಂದ ಟೈ ಅವನಿಗೆ ನೆನಪಿತ್ತು. ಬಿಟ್ಟಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಮಾನ್ಸುವಿಗೆ ತನ್ನ ನಾಲ್ಕು ದಿನದ ಕೆಲಸವನ್ನು ತೋರಿಸಬೇಕಿತ್ತು.

"ಲಾಡಿ ನೋಡಿದ್ಯಾ?" ಎಂದು ಪಟದ ಗಾಜಿನ ಮೇಲೆ ಬೆರಳಿಟ್ಟ. "ಈ ಪಟದಲ್ಲಿ ಮೊದಲಿಂದ್ಲೂ ಒಂದು ಐಬು ಇತ್ತು. ಗಂಟು ತಿರುಗುಮುರುಗಾಗಿ ಕಟ್ಟಿದ್ಲು ಅವಳು, ಎಡಕ್ಕೆ. ಬೇರೆಯವರಿಗೆಲ್ಲ ನಡೆಯುತ್ತೆ ಅಂತ ಹಾಗೇ ಬಿಟ್ಟಿದ್ದೆ. ನಿಂಗೆ ಹಾಗೆ ಕೊಡಕ್ಕೆ ಮನಸ್ಸು ಬರ್ಲಿಲ್ಲ. ನಾಲ್ಕು ದಿನ ಕೂತು ಒಂದೊಂದೇ ಮಡಿಕೆ ತಿದ್ದಿ ಬಲಕ್ಕೆ ತಿರುಗಿಸಿದೀನಿ. ಬೇರೆ ಯಾರಿಗೂ ಮಾಡಿಲ್ಲ ಇದನ್ನ. ನಿಂಗೆ ಅಂತಲೇ ಮಾಡಿದ್ದು."

ಮಾಲ್ಜಾ ಪಟ ನೋಡಿದಳು. ಹೌದು, ಗಂಟು ಬಲಕ್ಕಿತ್ತು. ಬಲಗೈಯವರೆಲ್ಲ ಕಟ್ಟಿಕೊಳ್ಳುವ ಹಾಗೆ ಅಚ್ಚುಕಟ್ಟಾಗಿತ್ತು. ಮುನ್ನೂರು ಜನ ಹೆಂಗಸರು ಅವಳ ಗಂಟನ್ನು ಎದೆಯ ಮೇಲಿಟ್ಟುಕೊಂಡು ಮಣ್ಣಾಗಿದ್ದರು. ಅವಳ ಪಾಲಿಗೆ ಅದೂ ಇರಲಿಲ್ಲ. ಇವನ ಮೇಲೆ ಸಿಟ್ಟು ಬರಲಿ ಎಂದು ಕಾದಳು, ಬರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಮೂವತ್ತೈದು ವರ್ಷ ತನಗೆ ಸುಳ್ಳು ಹೇಳಿದವಳು ತಾನೇ, ಇವನು ಒಂದು ದಿನವೂ ಹೇಳಿರಲಿಲ್ಲ.

"ಯಾರೋ ಎಡಚಿ ಇರ್ಬೇಕು" ಎಂದ ಮಾನ್ಸು, ತನ್ನ ಕೆಲಸವನ್ನೇ ಮೆಚ್ಚಿ ನೋಡುತ್ತಾ.

"ಇರ್ಬೇಕು" ಎಂದಳು ಮಾಲ್ಜಾ.

ಎಡಗೈಯಲ್ಲಿ ಚಾಕು ಹಿಡಿದು ಅವಳು ಹಣ್ಣನ್ನು ಹೋಳು ಮಾಡಿದಳು, ಒಂದು ಹೋಳನ್ನು ತಟ್ಟೆಗೆ ಹಾಕಿ ಅವನ ಮುಂದೆ ತಳ್ಳಿದಳು. ಮಾನ್ಸು ಪಟದ ಮೇಲಿನ ಕಣ್ಣು ತೆಗೆಯದೆಯೇ ಕೈ ಚಾಚಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ.

"ಸಿಹಿಯಾಗಿದೆ" ಎಂದ. "ಇನ್ನೊಂದು ಹೆಚ್ಚು."

ಅವಳು ಹೆಚ್ಚಿದಳು.